ವಿಎಲ್‌ಸಿಯಲ್ಲಿ ಸಲೀಸು, ಟೈಮ್‌ಲೈನ್‌ನಲ್ಲಿ ಮುಗ್ಗರಿಕೆ: ಮದುವೆ ವಿಡಿಯೊ ಎಡಿಟ್ ಮಾಡಲು ಹೊಸ ಲ್ಯಾಪ್‌ಟಾಪೇ ಬೇಕೇ?

ಪ್ರಶ್ನೆ: ನಮ್ಮದು ಮದ್ದೂರು. ತಂಗಿಯ ಮದುವೆ ಮಂಡ್ಯದ ಛತ್ರವೊಂದರಲ್ಲಿ ಆಯಿತು. ಮುಹೂರ್ತ, ಬೀಗರ ಊಟ ಎರಡನ್ನೂ ಐಫೋನ್‌ನಲ್ಲಿ 4ಕೆ 60ರಲ್ಲಿ ತೆಗೆದಿದ್ದೇನೆ, ಎಲ್ಲ ಸೇರಿ 40 ನಿಮಿಷ. ದೊಡ್ಡಪ್ಪನ ಮಗನ ಆಂಡ್ರಾಯ್ಡ್ ಫೋನಿನ ಕ್ಲಿಪ್‌ಗಳಿವೆ, ಚಿಕ್ಕಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೂ ಇವೆ, ಫೋಟೊಗ್ರಾಫರ್ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದೂ ಇದೆ. ಲ್ಯಾಪ್‌ಟಾಪ್ ಐ5 8ನೇ ಪೀಳಿಗೆ (8250ಯು), 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ ಹಾಕಿಕೊಂಡಿದ್ದೇನೆ. ಐಫೋನಿನ ಫೈಲ್ ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತದೆ, ರಿಸಾಲ್ವ್‌ನ ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಹಾಕಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ, ಆಮೇಲೆ ಜಿಗಿಯುತ್ತದೆ. ಅಂಗಡಿಯವರು ‘ಗ್ರಾಫಿಕ್ಸ್ ಕಾರ್ಡ್ ಇರುವ ಹೊಸದು ತಗೊಳ್ಳಿ, ಎಪ್ಪತ್ತು ಸಾವಿರ ಆಗುತ್ತೆ’ ಅಂತಾರೆ. ಗೆಳೆಯ ‘ಎಲ್ಲ ಎಂಪಿ4 ಮಾಡ್ಕೊ, ವಿಂಡೋಸ್ ಫಾರ್ಮ್ಯಾಟ್ ಹೊಡಿ’ ಅಂತಾನೆ. ಯಾವುದು ಸರಿ? ಕೊನೆಗೆ ಇದನ್ನು ಅಪ್ಪ ಅಮ್ಮನ ಟಿವಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಬೇಕು.

ಉತ್ತರ: ಎರಡೂ ಬೇಡ. ಈ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಕುದುರೆಯಲ್ಲ, ನಿಜ. ಆದರೆ 40 ನಿಮಿಷದ ಮನೆ ವಿಡಿಯೊ ಕತ್ತರಿಸಿ ಜೋಡಿಸಲು ಅದು ಸಾಕು. ಫೈಲ್‌ಗಳನ್ನು ಅದಕ್ಕೆ ಜೀರ್ಣವಾಗುವ ರೂಪದಲ್ಲಿ ಕೊಡಬೇಕು, ಅಷ್ಟೆ. ಯಾವ ಭಾಗ ಸೋಲುತ್ತಿದೆ ಎಂದು ತಿಳಿಯುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ತಿಳಿಯಲು ಹತ್ತು ನಿಮಿಷ ಸಾಕು, ಹೇಗೆಂದು ಮುಂದೆ ಹೇಳಿದೆ.

ಮೊದಲು, ವಿಎಲ್‌ಸಿಯಲ್ಲಿ ಓಡುವುದು ಇಲ್ಲೇಕೆ ಓಡದು? ಫೋನ್‌ಗಳು ಜಾಗ ಉಳಿಸಲು ಪ್ರತಿ ಫ್ರೇಮನ್ನೂ, ಅಂದರೆ ವಿಡಿಯೊದ ಒಂದೊಂದು ಚಿತ್ರವನ್ನೂ, ಪೂರ್ತಿಯಾಗಿ ಬರೆದಿಡುವುದಿಲ್ಲ. ಹಾಲಿನ ಡೈರಿಯ ಪುಸ್ತಕದಲ್ಲಿ ಒಂದನೇ ತಾರೀಖು ಮಾತ್ರ ‘ಆರು ಲೀಟರ್’ ಎಂದು ಪೂರ್ತಿ ಬರೆದು, ಮುಂದೆ ದಿನಾ ‘ನೆನ್ನೆಗಿಂತ ಅರ್ಧ ಲೀಟರ್ ಜಾಸ್ತಿ’, ‘ನೆನ್ನೆಗಿಂತ ಕಾಲು ಲೀಟರ್ ಕಮ್ಮಿ’ ಎಂದಷ್ಟೇ ಬರೆದಿದ್ದಾರೆ ಎಂದುಕೊಳ್ಳಿ. 28ನೇ ತಾರೀಖು ಎಷ್ಟು ಹಾಕಿದಿರಿ ಎಂದು ಕೇಳಿದರೆ ಒಂದರಿಂದ ಕೂಡಿ ಕಳೆದು ಬರಬೇಕು. ಫೋನ್‌ಗಳು ವಿಡಿಯೊ ಕುಗ್ಗಿಸಲು ಬಳಸುವ ಎಚ್.264, ಎಚ್.265 ಎಂಬ ವಿಧಾನಗಳೆರಡೂ ಹೀಗೆಯೇ ಬರೆಯುತ್ತವೆ. 265ರ ಲೆಕ್ಕ ಇನ್ನೂ ಗೋಜಲು. ಫೈಲ್ ಚಿಕ್ಕದಾಗುವುದು ಅದರಿಂದಲೇ, ಬಿಡಿಸುವುದು ಕಷ್ಟವಾಗುವುದೂ ಅದರಿಂದಲೇ. ವಿಎಲ್‌ಸಿ ಮೊದಲ ಪುಟದಿಂದ ಮುಂದಕ್ಕೆ ಮಾತ್ರ ಓದುತ್ತಾ ಹೋಗುತ್ತದೆ, ತಡವಾದ ಫ್ರೇಮನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಎಡಿಟಿಂಗ್ ತಂತ್ರಾಂಶಕ್ಕೆ ಆ ಸ್ವಾತಂತ್ರ್ಯ ಇಲ್ಲ. ನೀವು ಎಲ್ಲಿ ಕ್ಲಿಕ್ ಮಾಡಿದಿರೋ ಕರಾರುವಾಕ್ಕಾಗಿ ಅದೇ ಫ್ರೇಮ್ ಬೇಕು, ಕೂಡಲೇ ಬೇಕು, ಹಿಂದಕ್ಕೆ ಎಳೆದರೂ ಬೇಕು, ಎರಡು ಕ್ಲಿಪ್ ಒಂದರೊಳಗೊಂದು ಕರಗುವಲ್ಲಿ ಎರಡೆರಡು ಲೆಕ್ಕ ಒಟ್ಟಿಗೆ ನಡೆಯಬೇಕು.

ಅದರ ಮೇಲೆ ನಿಮ್ಮದು 4ಕೆ 60, ಅಂದರೆ 4ಕೆ ಗಾತ್ರ, ಸೆಕೆಂಡಿಗೆ 60 ಫ್ರೇಮ್. ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಚುಕ್ಕಿ, ಅಂದರೆ 1080ಪಿಯ ನಾಲ್ಕು ಪಟ್ಟು. ಅಂಥ ಒಂದು ಫ್ರೇಮನ್ನು ಬಿಡಿಸಿ ತೆರೆಗೆ ತರಲು ಸಿಗುವ ಸಮಯ ಸೆಕೆಂಡಿನ ಅರವತ್ತನೇ ಒಂದು ಭಾಗ, 17 ಮಿಲಿಸೆಕೆಂಡ್‌ಗಿಂತ ಕಮ್ಮಿ. ಹತ್ತು ಫ್ರೇಮ್ ತಡವಾದರೆ ಕಣ್ಣಿಗೆ ‘ಸ್ಟಕ್’ ಆದಂತೆ ಕಾಣುತ್ತದೆ.

ಇನ್ನು ನಿಮಗೆ ಸಿಕ್ಕಿರುವ ಸಲಹೆಗಳ ವಿಚಾರ. ಎಂಪಿ4 ಎನ್ನುವುದು ಚೀಲ, ಅಕ್ಕಿಯಲ್ಲ. ಐಫೋನಿನ ಫೈಲ್ ಎಂಒವಿ ಎಂಬ ಚೀಲದಲ್ಲಿ ಬಂದಿರುತ್ತದೆ. ಅದನ್ನು ಎಂಪಿ4 ಚೀಲಕ್ಕೆ ಸುರಿದ ಮಾತ್ರಕ್ಕೆ ಒಳಗಿನ ಎಚ್.265 ಬದಲಾಗದು. ವಿಂಡೋಸ್ ಫಾರ್ಮ್ಯಾಟ್ ಮಾಡುವುದರಿಂದ ಡಿಕೋಡಿಂಗ್ (ಫ್ರೇಮ್ ಬಿಡಿಸುವ) ಹೊರೆ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ, ಜೊತೆಗೆ ಮದುವೆಯ ಮೂಲ ಫೈಲ್‌ಗಳೇ ಹೋದಾವು. ಗ್ರಾಫಿಕ್ಸ್ ಕಾರ್ಡ್ ವಿಚಾರ ಅರ್ಧ ಸತ್ಯ. ಕಲರ್ ಗ್ರೇಡಿಂಗ್ (ಬಣ್ಣ ತಿದ್ದುವುದು), ಟೈಟಲ್, ಎಫೆಕ್ಟ್‌ಗಳಿಗೆ ಅದು ಬೇಕು. ಎಚ್.265 ಬಿಡಿಸುವ ಕೆಲಸ ಮಾಡುವುದು ಚಿಪ್‌ನೊಳಗಿರುವ ಬೇರೆಯದೇ ಒಂದು ಪುಟ್ಟ ಘಟಕ. ನಿಮ್ಮ ಐ5ನಲ್ಲಿರುವ ಯುಎಚ್‌ಡಿ 620 ಗ್ರಾಫಿಕ್ಸ್‌ನಲ್ಲೂ ಅದು ಇದೆ, 8 ಬಿಟ್, 10 ಬಿಟ್ (ಬಣ್ಣದ ಸೂಕ್ಷ್ಮತೆಯ ಅಳತೆ) ಎರಡೂ ಬಗೆಯ ಮಾಮೂಲಿ ಎಚ್.265 ಅದಕ್ಕೆ ಬಿಡಿಸಲು ಬರುತ್ತದೆ. ತಂತ್ರಾಂಶ ಅದನ್ನು ಬಳಸಿಕೊಳ್ಳುತ್ತಿದೆಯೇ ಎಂಬುದು ಪ್ರಶ್ನೆ. ರಿಸಾಲ್ವ್‌ನಲ್ಲಿ ಈ ಸೌಲಭ್ಯ ಪೂರ್ತಿಯಾಗಿ ಸಿಗುವುದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ.

ಎಲ್ಲಿ ಸೋಲುತ್ತಿದೆ, ಹೇಗೆ ಕಂಡುಹಿಡಿಯುವುದು

ಪೆನ್‌ಡ್ರೈವ್‌ನಿಂದ ನೇರವಾಗಿ ಟೈಮ್‌ಲೈನ್‌ಗೆ ಎಳೆದಿದ್ದರೆ ಮೊದಲು ಅದನ್ನು ನಿಲ್ಲಿಸಿ. ಯುಎಸ್‌ಬಿ 2 ಕಿಂಡಿಯಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 30ರಿಂದ 40 ಎಂಬಿ, ಅದೂ ಒಂದೇ ಫೈಲನ್ನು ಒಂದೇ ಸಮನೆ ಓದಿದರೆ. ಎಲ್ಲವನ್ನೂ ಲ್ಯಾಪ್‌ಟಾಪ್‌ನ ಒಂದು ಫೋಲ್ಡರ್‌ಗೆ ನಕಲು ಮಾಡಿ. ಆ ಫೋಲ್ಡರ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನೊಳಗೆ ಬೇಡ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅವು ಒನ್‌ಡ್ರೈವ್‌ಗೆ ಜೋಡಿಸಿರುತ್ತವೆ. ನೀವು ಎಡಿಟ್ ಮಾಡುವ ಹೊತ್ತಿಗೇ ಅದು ನಿಮ್ಮ 40 ನಿಮಿಷದ ವಿಡಿಯೊದ ಸುಮಾರು 16 ಜಿಬಿ ಅಪ್‌ಲೋಡ್ ಮಾಡಲು ಕೂತಿರುತ್ತದೆ, ಡಿಸ್ಕ್ ಅದರ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಡಿ ಡ್ರೈವ್‌ನಲ್ಲಿ ‘ಮದುವೆ’ ಎಂದೊಂದು ಫೋಲ್ಡರ್ ಮಾಡಿ, ಅಲ್ಲಿಡಿ.

ಈಗ ಹೊಸ ಟೈಮ್‌ಲೈನ್ ತೆರೆದು ಐಫೋನಿನ ಒಂದೇ ಒಂದು ಕ್ಲಿಪ್ ಹಾಕಿ. ಟೈಟಲ್, ಬಣ್ಣ, ಟ್ರಾನ್ಸಿಷನ್ ಏನೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಪುಟ ತೆರೆದು ಪಕ್ಕಕ್ಕಿಟ್ಟುಕೊಂಡು ಕ್ಲಿಪ್ ಓಡಿಸಿ. ರಿಸಾಲ್ವ್‌ನ ವ್ಯೂವರ್ ಮೇಲೆ ಒಂದು ಪುಟ್ಟ ಚುಕ್ಕಿ, ಪಕ್ಕದಲ್ಲಿ ಫ್ರೇಮ್ ಎಣಿಕೆ ಕಾಣುತ್ತದೆ. ಹಸಿರಿದ್ದರೆ ಸರಿಯಾದ ವೇಗ, ಕೆಂಪಾದರೆ ಹಿಂದೆ ಬಿದ್ದಿದೆ ಎಂದರ್ಥ.

ಕೆಂಪಾದ ಗಳಿಗೆಯಲ್ಲಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವುದು ಏರಿದೆ ನೋಡಿ. ಡಿಸ್ಕ್ 100ಕ್ಕೆ ಅಂಟಿಕೊಂಡು ಸಿಪಿಯು ಆರಾಮಾಗಿದ್ದರೆ ತಪ್ಪು ಡಿಸ್ಕ್‌ನದು. ಸಿಪಿಯು 90–100ರಲ್ಲಿದ್ದು, ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದರೆ, ಬಿಡಿಸುವ ಕೆಲಸವನ್ನೆಲ್ಲ ಸಿಪಿಯು ಒಂಟಿಯಾಗಿ ಹೊತ್ತಿದೆ. ಅದೇ ಕ್ಲಿಪ್ ವಿಎಲ್‌ಸಿಯಲ್ಲಿ ಓಡಿಸಿ ನೋಡಿ, ಆ ಗ್ರಾಫ್ ಎದ್ದು ಕೂರುತ್ತದೆ. ನಿಮ್ಮ ಒಗಟಿಗೆ ಉತ್ತರ ಬಹುಮಟ್ಟಿಗೆ ಅಲ್ಲೇ ಕಾಣಿಸುತ್ತದೆ. ಜಿಪಿಯುವಿನ ‘3ಡಿ’ ಗ್ರಾಫ್ ತುಂಬಿದ್ದರೆ ಎಫೆಕ್ಟ್‌ಗಳ ಹೊರೆ. ಮೆಮೊರಿ 90ರ ಮೇಲಿದ್ದರೆ ರ್‍ಯಾಮ್ ಸಾಲದೆ ವಿಂಡೋಸ್ ಹಾರ್ಡ್‌ಡಿಸ್ಕನ್ನೇ ರ್‍ಯಾಮ್‌ನಂತೆ ಬಳಸುತ್ತಿದೆ, ಆಗ ಡಿಸ್ಕ್ ಗ್ರಾಫ್ ಕೂಡ ಜೊತೆಗೇ ಏರುತ್ತದೆ. ಇದನ್ನು ಡಿಸ್ಕ್‌ನ ದೋಷ ಎಂದು ತಪ್ಪು ತಿಳಿಯುವವರೇ ಹೆಚ್ಚು.

ಇನ್ನೊಂದು ಪರೀಕ್ಷೆ. ‘ಪ್ಲೇಬ್ಯಾಕ್’ ಮೆನುವಿನಲ್ಲಿ ‘ಟೈಮ್‌ಲೈನ್ ಪ್ರಾಕ್ಸಿ ರೆಸೊಲ್ಯೂಷನ್’ (ಹೊಸ ಆವೃತ್ತಿಗಳಲ್ಲಿ ‘ಟೈಮ್‌ಲೈನ್ ಪ್ಲೇಬ್ಯಾಕ್ ರೆಸೊಲ್ಯೂಷನ್’) ಅನ್ನು ‘ಕ್ವಾರ್ಟರ್’ ಮಾಡಿ ಓಡಿಸಿ. ಗಮನಾರ್ಹವಾಗಿ ಸುಧಾರಿಸಿದರೆ ಎಫೆಕ್ಟ್ ಅಥವಾ ಗ್ರಾಫಿಕ್ಸ್ ಹೊರೆ. ಏನೂ ಬದಲಾಗದಿದ್ದರೆ ಡಿಕೋಡಿಂಗ್. ಏಕೆಂದರೆ ಎಚ್.265 ಫ್ರೇಮನ್ನು ಕಾಲು ಗಾತ್ರದಲ್ಲಿ ತೋರಿಸಬೇಕಾದರೂ ಮೊದಲು ಪೂರ್ತಿ ಬಿಡಿಸಲೇಬೇಕು. ‘ರೆಸೊಲ್ಯೂಷನ್ ಇಳಿಸಿದರೂ ಲ್ಯಾಗ್ ಹೋಗಲಿಲ್ಲ’ ಎಂದು ಕೈಚೆಲ್ಲುವವರು ಎಡವುವುದು ಇಲ್ಲೇ.

ಕೊನೆಯದಾಗಿ 20 ಸೆಕೆಂಡ್ ಮಾತ್ರ ರೆಂಡರ್ ಮಾಡಿ (ಎಡಿಟ್ ಆದದ್ದನ್ನು ಹೊಸ ಫೈಲಾಗಿ ಬರೆಸಿ), ಬಂದ ಫೈಲನ್ನು ವಿಎಲ್‌ಸಿಯಲ್ಲಿ ನೋಡಿ. ಅದು ಸಲೀಸಾಗಿ ಓಡಿದರೆ ನಿಮ್ಮ ತೊಂದರೆ ಎಡಿಟಿಂಗ್ ಹೊತ್ತಿನದು ಮಾತ್ರ, ಅಂತಿಮ ವಿಡಿಯೊಗೆ ಏನೂ ಆಗಿಲ್ಲ. ರೆಂಡರ್ ಆದ ಫೈಲಿನಲ್ಲೂ ಅದೇ ಜಾಗದಲ್ಲಿ, ಅದೇ ತಾಳದಲ್ಲಿ ಕುಲುಕಿದರೆ ಅದು ವೇಗದ ಸಮಸ್ಯೆಯಲ್ಲ, ಫ್ರೇಮ್ ಎಣಿಕೆ ಹೊಂದದ ಸಮಸ್ಯೆ. ಎಪ್ಪತ್ತು ಸಾವಿರವಲ್ಲ, ಎರಡು ಲಕ್ಷದ ಯಂತ್ರ ತಂದರೂ ಅದು ಹೋಗದು.

ನಿಮ್ಮ ವಿವರಣೆ ನೋಡಿದರೆ ಡಿಕೋಡಿಂಗ್ ಹೊರೆ ಮತ್ತು ರ್‍ಯಾಮ್ ಕೊರತೆ ಎರಡೂ ಇರುವ ಸಾಧ್ಯತೆ ಹೆಚ್ಚು. ಹಾರ್ಡ್‌ಡಿಸ್ಕ್ ಮೇಲೆ ನನ್ನ ಅನುಮಾನ ಕಡಿಮೆ. ಐಫೋನಿನ ಸೆಟ್ಟಿಂಗ್ಸ್ ಪುಟವೇ ಹೇಳುವಂತೆ 4ಕೆ 60 ಎಚ್.265ಗೆ ನಿಮಿಷಕ್ಕೆ 400 ಎಂಬಿ, ಅಂದರೆ ಸೆಕೆಂಡಿಗೆ 7 ಎಂಬಿಯೂ ಇಲ್ಲ. ಹಳೆಯ ಹಾರ್ಡ್‌ಡಿಸ್ಕ್ ಕೂಡ ಅಷ್ಟು ಕೊಟ್ಟೇ ಕೊಡುತ್ತದೆ. ಮೂರು ನಾಲ್ಕು ಕ್ಲಿಪ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಮಾತ್ರ ಅದರ ಸೂಜಿ ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗುತ್ತದೆ.

ಪ್ರಾಕ್ಸಿ: ಮೊದಲ ಮದ್ದು

ಪ್ರಾಕ್ಸಿ ಎಂದರೆ ಮೂಲ ಫೈಲಿನ ಚಿಕ್ಕ, ಸುಲಭ ನಕಲು. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ, ಕೊನೆಯ ರೆಂಡರ್ ಮೂಲದಿಂದ. ‘ಪ್ರಾಕ್ಸಿ ಮಾಡಿದರೆ ಕ್ಲಾರಿಟಿ ಹೋಗುತ್ತೆ’ ಎಂಬ ಮಾತು ಬಹಳ ಕೇಳಿಬರುತ್ತದೆ. ಎಡಿಟ್ ಮಾಡುವಾಗ ತೆರೆಯಲ್ಲಿ ಮಸುಕಾಗಿ ಕಾಣುವುದು ನಿಜ, ಅಂತಿಮ ಫೈಲಿಗೆ ಅದು ತಾಗದು.

ರಿಸಾಲ್ವ್‌ನಲ್ಲಿ ‘ಪ್ರಾಜೆಕ್ಟ್ ಸೆಟ್ಟಿಂಗ್ಸ್’ ತೆರೆದು, ‘ಮಾಸ್ಟರ್ ಸೆಟ್ಟಿಂಗ್ಸ್’ ಪುಟದಲ್ಲಿ ಕೆಳಗೆ ಸರಿದರೆ ಪ್ರಾಕ್ಸಿಯ ಆಯ್ಕೆಗಳಿವೆ. ರೆಸೊಲ್ಯೂಷನ್ ‘ಕ್ವಾರ್ಟರ್’, ಫಾರ್ಮ್ಯಾಟ್ ‘ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ’ ಇಡಿ. 4ಕೆಯ ಕಾಲು ಎಂದರೆ 960 ಬೈ 540, ಚುಕ್ಕಿಗಳ ಲೆಕ್ಕದಲ್ಲಿ ಮೂಲದ ಹದಿನಾರನೇ ಒಂದು ಭಾಗ. ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಬರೆದಿರುತ್ತದೆ, ಆದ್ದರಿಂದ ಹಿಂದಕ್ಕೆ ಎಳೆದರೂ ತಡವರಿಸುವುದಿಲ್ಲ. ಅದೇ ಪುಟದಲ್ಲಿ ಪ್ರಾಕ್ಸಿ ಎಲ್ಲಿ ಬರೆಯಬೇಕೆಂಬ ಜಾಗ ಕೇಳುತ್ತದೆ. ಡಿ ಡ್ರೈವ್ ತೋರಿಸಿ, ಅಲ್ಲಿ 50 ಜಿಬಿ ಖಾಲಿ ಇರಲಿ. ಆಮೇಲೆ ರಿಸಾಲ್ವ್‌ಗೆ ತಂದ ಫೈಲ್‌ಗಳೆಲ್ಲ ಕಾಣುವ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನೆಲ್ಲ ಆರಿಸಿ, ಬಲಗುಂಡಿ ಒತ್ತಿ, ‘ಜನರೇಟ್ ಪ್ರಾಕ್ಸಿ ಮೀಡಿಯಾ’ ಕೊಡಿ.

ಇದಕ್ಕೆ ಸಮಯ ಹಿಡಿಯುತ್ತದೆ. 40 ನಿಮಿಷದ 60 ಫ್ರೇಮ್ ವಿಡಿಯೊ ಎಂದರೆ 1,44,000 ಫ್ರೇಮ್. ಲ್ಯಾಪ್‌ಟಾಪ್ ಸೆಕೆಂಡಿಗೆ 30 ಫ್ರೇಮ್ ಮುಗಿಸಿದರೂ 80 ನಿಮಿಷ, 15 ಮಾತ್ರ ಮುಗಿಸಿದರೆ 2 ಗಂಟೆ 40 ನಿಮಿಷ. ಊಟಕ್ಕೆ ಮುಂಚೆ ಹಾಕಿಬಿಡಿ. ಚಾರ್ಜರ್ ಸಿಕ್ಕಿಸಿರಬೇಕು, ‘ಸ್ಲೀಪ್’ ಆಗದಂತೆ ಪವರ್ ಸೆಟ್ಟಿಂಗ್ ಬದಲಿಸಿರಬೇಕು. ಕರೆಂಟ್ ಹೋಗಿ ಬರುವ ಊರಾದರೆ ಬ್ಯಾಟರಿಯ ಸ್ಥಿತಿ ನೋಡಿಕೊಳ್ಳಿ. ನಡುವೆ ಯಂತ್ರ ಆಫ್ ಆದರೆ ಆಗ ಬರೆಯುತ್ತಿದ್ದ ಕ್ಲಿಪ್ಪಿನ ಪ್ರಾಕ್ಸಿ ಅರೆಬರೆಯಾಗಿ ಉಳಿಯುತ್ತದೆ, ಅದನ್ನು ಅಳಿಸಿ ಮತ್ತೆ ಮಾಡಬೇಕು.

ಮುಗಿದ ಮೇಲೆ ‘ಪ್ಲೇಬ್ಯಾಕ್’ ಮೆನುವಿನ ‘ಪ್ರಾಕ್ಸಿ ಹ್ಯಾಂಡ್ಲಿಂಗ್’ನಲ್ಲಿ ‘ಪ್ರಿಫರ್ ಪ್ರಾಕ್ಸೀಸ್’ ಆರಿಸಿ. ಇದನ್ನು ಮರೆತು ‘ಎಲ್ಲ ಮಾಡಿದರೂ ಅಷ್ಟೇ’ ಎನ್ನುವವರಿದ್ದಾರೆ. ಕೊನೆಗೆ ‘ಡೆಲಿವರ್’ ಪುಟದ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ನಲ್ಲಿ ‘ಯೂಸ್ ಪ್ರಾಕ್ಸಿ ಮೀಡಿಯಾ’ ಎಂಬ ಚೌಕದಲ್ಲಿ ಟಿಕ್ ಇರಬಾರದು. ಇದ್ದರೆ ಮಸುಕು ನಕಲೇ ಟಿವಿಗೆ ಹೋಗುತ್ತದೆ. ಪ್ರಾಕ್ಸಿಯಲ್ಲಿರುವ ಅಪಾಯ ಮುಖ್ಯವಾಗಿ ಎರಡೇ: ಈ ಟಿಕ್, ಮತ್ತು ಮೂಲ ಫೈಲುಗಳ ಜಾಗ ಬದಲಿಸುವುದು. ಎಡಿಟ್ ಮುಗಿಯುವವರೆಗೂ ‘ಮದುವೆ’ ಫೋಲ್ಡರಿನ ಹೆಸರು, ಫೈಲಿನ ಹೆಸರು ಯಾವುದನ್ನೂ ಮುಟ್ಟಬೇಡಿ.

ಹಾಗಾದರೆ ಎಲ್ಲವನ್ನೂ ದೊಡ್ಡ ಎಡಿಟಿಂಗ್ ಕೋಡೆಕ್‌ಗೇ (ಎಡಿಟ್ ಮಾಡಲೆಂದೇ ಇರುವ, ವಿಡಿಯೊ ಬರೆದಿಡುವ ವಿಧಾನಕ್ಕೆ) ಒಮ್ಮೆಲೇ ಬದಲಿಸಿಬಿಟ್ಟರೆ? ಸಲಹೆ ಕೇಳಲು ಚೆನ್ನ. 4ಕೆ 60ನ್ನು ಪ್ರೊರೆಸ್ 422 ಮಾಡಿದರೆ ಆ್ಯಪಲ್ ಕೊಡುವ ಲೆಕ್ಕದಂತೆ ಸೆಕೆಂಡಿಗೆ 1178 ಮೆಗಾಬಿಟ್, ಅಂದರೆ 147 ಎಂಬಿ. ನಿಮ್ಮ 16 ಜಿಬಿ 350 ಜಿಬಿಗೂ ಮೇಲಾಗುತ್ತದೆ. ಸಿಪಿಯು ಉಸಿರು ಬಿಡುತ್ತದೆ, ಅಷ್ಟನ್ನು ಒಂದೇ ಸಮ ಓದಿ ಕೊಡಲು ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಮಾತ್ರ ಸೋಲುತ್ತದೆ. ಮುಗ್ಗರಿಕೆ ಅಲ್ಲೇ ಇರುತ್ತದೆ, ಕಾರಣ ಬದಲಾಗಿರುತ್ತದೆ.

ವಾಟ್ಸ್‌ಆ್ಯಪ್, ಆಂಡ್ರಾಯ್ಡ್ ಕ್ಲಿಪ್‌ಗಳಿಗೆ ಬೇರೆ ಮದ್ದು

ಇವುಗಳ ಕಾಯಿಲೆ ತೂಕದ್ದಲ್ಲ, ತಾಳದ್ದು. ಬೆಳಕು ಕಮ್ಮಿಯಾದಾಗ, ಬಿಸಿಯಾದಾಗ ಫೋನುಗಳು ತಾವಾಗಿಯೇ ಫ್ರೇಮ್ ಎಣಿಕೆಯನ್ನು ಏರಿಳಿಸುತ್ತವೆ. ಒಂದು ಸೆಕೆಂಡಿನಲ್ಲಿ 30, ಇನ್ನೊಂದರಲ್ಲಿ 27, ಮತ್ತೊಂದರಲ್ಲಿ 24. ಎಡಿಟಿಂಗ್ ತಂತ್ರಾಂಶಗಳು ಪ್ರತಿ ಸೆಕೆಂಡಿಗೂ ಒಂದೇ ಎಣಿಕೆ ಎಂದು ನಂಬಿ ಕೂತಿರುತ್ತವೆ. ಫಲವಾಗಿ ಕ್ಲಿಪ್ಪಿನ ಮೊದಲಲ್ಲಿ ಸರಿಯಿದ್ದ ಧ್ವನಿ ಹೋಗಹೋಗುತ್ತಾ ಚಿತ್ರದಿಂದ ಕಳಚಿಕೊಳ್ಳುತ್ತದೆ. ಇದನ್ನು ಪತ್ತೆ ಮಾಡಲು ಮದುವೆ ವಿಡಿಯೊದಲ್ಲಿ ಗಟ್ಟಿಮೇಳಕ್ಕಿಂತ ಒಳ್ಳೆಯ ಜಾಗ ಇಲ್ಲ. ಡೋಲಿನ ಮೇಲೆ ಕೋಲು ಬೀಳುವ ಫ್ರೇಮಿನಲ್ಲಿ ನಿಲ್ಲಿಸಿ, ಕೆಳಗೆ ಧ್ವನಿಯ ಅಲೆಯಲ್ಲಿ ಏಟಿನ ಮೊನೆ ಎಲ್ಲಿದೆ ನೋಡಿ. ಎರಡೂ ಒಂದೇ ಗೆರೆಯಲ್ಲಿದ್ದರೆ ಸರಿ. ಐದಾರು ಫ್ರೇಮ್ ಆಚೀಚೆ ಇದ್ದರೆ ಈ ಕಾಯಿಲೆಯೇ.

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕ್ಲಿಪ್ ತೆರೆದರೆ ‘ಫ್ರೇಮ್ ರೇಟ್ ಮೋಡ್’ ಎದುರು ‘ವೇರಿಯಬಲ್’ ಅಥವಾ ‘ಕಾನ್‌ಸ್ಟಂಟ್’ ಎಂದು ಬರೆದಿರುತ್ತದೆ. ವೇರಿಯಬಲ್ ಇದ್ದು ಕನಿಷ್ಠ, ಗರಿಷ್ಠ ಎಣಿಕೆಯ ನಡುವೆ ದೊಡ್ಡ ಅಂತರ ಇದ್ದರೆ ಅಂಥವನ್ನು ಹ್ಯಾಂಡ್‌ಬ್ರೇಕ್‌ಗೆ ಕೊಡಿ. ಅದೂ ಉಚಿತ. ಅದರ ‘ವಿಡಿಯೊ’ ಪುಟದಲ್ಲಿ ಎನ್‌ಕೋಡರ್ ಎಚ್.264 (ಎಕ್ಸ್264), ಫ್ರೇಮ್ ರೇಟ್ 30, ಕೆಳಗೆ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’, ಗುಣಮಟ್ಟ ಆರ್‌ಎಫ್ 18, ‘ಫಾಸ್ಟ್ ಡಿಕೋಡ್’ ಚೌಕದಲ್ಲಿ ಟಿಕ್. ಕೊನೆಯ ಟಿಕ್ ಫೈಲನ್ನು ಸ್ವಲ್ಪ ದಪ್ಪ ಮಾಡುತ್ತದೆ, ಬಿಡಿಸುವುದನ್ನು ಹಗುರ ಮಾಡುತ್ತದೆ. ಆರ್‌ಎಫ್ ಸಂಖ್ಯೆ ಇಳಿಸಿದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. 18ಕ್ಕಿಂತ ಇಳಿಸಿದರೆ ಇಂಥ ಕ್ಲಿಪ್‌ಗಳಲ್ಲಿ ಕಣ್ಣಿಗೆ ಲಾಭ ಕಾಣದು.

ಇದು ಪ್ರಾಕ್ಸಿಯಲ್ಲ, ಹೊಸ ಫೈಲ್. ಆದ್ದರಿಂದ ಗುಣಮಟ್ಟ ಒಂದು ಕೂದಲೆಳೆಯಷ್ಟು ಇಳಿದೇ ಇಳಿಯುತ್ತದೆ. ಹಳೆಯದನ್ನು ಅಳಿಸುವ ಮುನ್ನ ಹೊಸದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಫೋನನ್ನು ನಿಲ್ಲಿಸಿ ಹಿಡಿದು ತೆಗೆದವು ಅಡ್ಡ ತಿರುಗಿವೆಯೇ ಎಂದು ವಿಶೇಷವಾಗಿ ನೋಡಿ. ಐಫೋನಿನ ಕ್ಲಿಪ್‌ಗಳನ್ನು ಹೀಗೆ ಬದಲಿಸಬೇಡಿ. ಐಫೋನ್ 12 ಮತ್ತು ನಂತರದವು, ಸೆಟ್ಟಿಂಗ್ ಬದಲಿಸದಿದ್ದರೆ, ಸಾಮಾನ್ಯವಾಗಿ ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣದ ಹೆಚ್ಚಿನ ವ್ಯಾಪ್ತಿ ಹಿಡಿಯುವ ವಿಧಾನ), 10 ಬಿಟ್ ಬಣ್ಣದಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಯೋಚಿಸದೆ 8 ಬಿಟ್ಟಿನ ಎಚ್.264ಕ್ಕೆ ಇಳಿಸಿದರೆ ರೇಷ್ಮೆ ಸೀರೆಯ ಅರಿಶಿನ, ಕೆಂಪು ಎಲ್ಲ ಒಗೆದು ಒಗೆದು ಬಿಳಿಚಿಕೊಂಡಂತಾಗುತ್ತದೆ. ಅವಕ್ಕೆ ಪ್ರಾಕ್ಸಿಯೇ ಸರಿ.

ಚಿಕ್ಕಮ್ಮನ ಕ್ಲಿಪ್‌ಗಳು ಅವರ ಫೋನಿನಲ್ಲಿ ಇನ್ನೂ ಇದ್ದರೆ ಮತ್ತೊಮ್ಮೆ ಕೇಳಿ ಪಡೆಯಿರಿ, ಈ ಸಲ ಗ್ಯಾಲರಿಯಿಂದಲ್ಲದೆ ‘ಡಾಕ್ಯುಮೆಂಟ್’ ಎಂದು ಕಳಿಸಲು ಹೇಳಿ. ಹಾಗೆ ಬಂದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡುವುದಿಲ್ಲ.

25ಆ, 30ಆ?

ನಮ್ಮಲ್ಲಿ ಟಿವಿಯ ಕಾಲದಿಂದ 25 ಫ್ರೇಮ್ ರೂಢಿ, ಮದುವೆ ವಿಡಿಯೊದವರೂ ಅದನ್ನೇ ಹಿಡಿದಿದ್ದಾರೆ. ಹಾಗಾಗಿ ‘ಟೈಮ್‌ಲೈನ್ 25 ಇಡಿ’ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಮಟ್ಟಿಗೆ ಅದು ತಪ್ಪಾಗುತ್ತದೆ. ನಿಮ್ಮ ಬಹುಪಾಲು ಫೂಟೇಜ್ 60 ಮತ್ತು 30. ಅರವತ್ತರಲ್ಲಿ ಒಂದು ಬಿಟ್ಟು ಒಂದು ತೆಗೆದರೆ ಅಚ್ಚುಕಟ್ಟಾಗಿ 30 ಉಳಿಯುತ್ತದೆ. ಅದೇ 25ಕ್ಕೆ ಇಳಿಸಲು ಹೋದರೆ ಕೆಲವೆಡೆ ಎರಡಕ್ಕೊಂದು, ಕೆಲವೆಡೆ ಮೂರಕ್ಕೊಂದು ಫ್ರೇಮ್ ಉಳಿಸಿಕೊಳ್ಳಬೇಕು, ದಿಬ್ಬಣ ನಡೆದು ಬರುವ ದೃಶ್ಯ ಕುಂಟಿದಂತೆ ಕಾಣುತ್ತದೆ. ರೆಂಡರ್ ಆದ ಮೇಲೂ ಉಳಿಯುವ ಕುಲುಕಾಟ ಎಂದೆನಲ್ಲ, ಅದು ಇದು. ಟೈಮ್‌ಲೈನ್ 30 ಇಡಿ. ಫೋಟೊಗ್ರಾಫರ್ ಕೊಟ್ಟದ್ದು 25ರಲ್ಲಿದ್ದರೆ ಅದರಲ್ಲಿ ಪ್ರತಿ ಐದನೇ ಫ್ರೇಮ್ ಎರಡು ಸಲ ಬರುತ್ತದೆ. ಕ್ಯಾಮೆರಾ ನಿಂತಿರುವ ಶಾಟ್‌ಗಳಲ್ಲಿ ಗೊತ್ತಾಗುವುದಿಲ್ಲ, ಮಂಟಪದ ಈ ತುದಿಯಿಂದ ಆ ತುದಿಗೆ ತಿರುಗಿಸಿದ ಕಡೆ ಸ್ವಲ್ಪ ಗೊತ್ತಾಗುತ್ತದೆ. ಅಂಥವನ್ನು ಕಡಿಮೆ ಬಳಸಿ.

ರಿಸಾಲ್ವ್‌ನಲ್ಲಿ ಒಮ್ಮೆ ಕ್ಲಿಪ್ ತುಂಬಿದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ, ಏನನ್ನೂ ಎಳೆದು ಹಾಕುವ ಮೊದಲು, 1920 ಬೈ 1080 ಮತ್ತು 30 ಎಂದು ಇಟ್ಟುಬಿಡಿ. 4ಕೆ ಟೈಮ್‌ಲೈನ್ ನಿಮಗೆ ಬೇಡ. 1080ರಲ್ಲಿ ಇಟ್ಟರೆ, ದೂರದಿಂದ ತೆಗೆದ ಶಾಟನ್ನು ಎರಡು ಪಟ್ಟು ಹಿಗ್ಗಿಸಿ ಅಮ್ಮನ ಮುಖದ ಹತ್ತಿರ ಹೋದರೂ ಮಸುಕಾಗುವುದಿಲ್ಲ. 4ಕೆಯಲ್ಲಿ ತೆಗೆದದ್ದರ ನಿಜವಾದ ಲಾಭ ಅದು.

ಛತ್ರದ ಎಲ್‌ಇಡಿ ಪಟ್ಟಿಗಳು ಮಿನುಗುತ್ತಿದ್ದರೆ ಅದು ಪ್ಲೇಬ್ಯಾಕ್ ದೋಷವಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಫೋನಿನ ಎಣಿಕೆ 30 ಅಥವಾ 60, ಎರಡೂ ಹೊಂದದೆ ಆಗುವುದು. ಮುಂದಿನ ಸಮಾರಂಭಕ್ಕೆ ಐಫೋನಿನ ‘ರೆಕಾರ್ಡ್ ವಿಡಿಯೊ’ ಸೆಟ್ಟಿಂಗ್‌ನಲ್ಲಿ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಸಿಗುತ್ತದೆ. ಆಗ ಟೈಮ್‌ಲೈನೂ 25 ಇರಲಿ. ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಎಚ್.265 ಬದಲು ಎಚ್.264ರಲ್ಲಿ ಬರೆಯುತ್ತದೆ. ಫೈಲ್ ದೊಡ್ಡದು, ಎಡಿಟ್ ಸುಲಭ.

ಲ್ಯಾಪ್‌ಟಾಪ್‌ಗೆ ಖರ್ಚು ಮಾಡಲೇಬೇಕಾದರೆ

ಮೊದಲು ರ್‍ಯಾಮ್. ರಿಸಾಲ್ವ್ ಕೇಳುವುದೇ 16 ಜಿಬಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಎಂದಿದ್ದರೆ ನಿಮ್ಮ ಅದೃಷ್ಟ. ಇನ್ನೊಂದು 8 ಜಿಬಿ ಡಿಡಿಆರ್4 ಹಾಕಿಸಿ. ಎರಡು ಲಾಭ: ಗಾತ್ರ ಎರಡರಷ್ಟಾಗುವುದು ಒಂದು. ಎರಡು ಕಡ್ಡಿ ಇದ್ದಾಗ ಮೆಮೊರಿಯ ದಾರಿಯೂ ಅಗಲವಾಗುವುದು ಇನ್ನೊಂದು. ಒಳಗೇ ಕೂತ ಗ್ರಾಫಿಕ್ಸ್ ಚಿಪ್ ತನ್ನದೇ ಮೆಮೊರಿ ಇಲ್ಲದೆ ಅದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ ಇದರ ಗುಣ ಕಣ್ಣಿಗೇ ಕಾಣುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹಣ ಕೊಡುವ ಮುಂಚೆ ಹಿಂಬದಿ ಬಿಚ್ಚಿಸಿ ನೋಡಿ. ಆಮೇಲೆ ಎಸ್‌ಎಸ್‌ಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಆಸುಪಾಸು ಕೊಡುತ್ತದೆ, ಸೂಜಿಯ ಓಡಾಟ ಇಲ್ಲ. ಇದರಿಂದ ಕ್ಯಾಷ್ (ತಂತ್ರಾಂಶದ ತಾತ್ಕಾಲಿಕ ಫೈಲ್‌ಗಳು), ಪ್ರಾಕ್ಸಿ, ತಂತ್ರಾಂಶ ತೆರೆಯುವುದು ಎಲ್ಲ ಚುರುಕಾಗುತ್ತದೆ. ಬರೀ ಎಸ್‌ಎಸ್‌ಡಿ ಹಾಕಿಸಿದ ಮಾತ್ರಕ್ಕೆ ಎಚ್.265 ಮುಗ್ಗರಿಕೆ ಹೋಗುತ್ತದೆ ಎಂದು ಮಾತ್ರ ತಿಳಿಯಬೇಡಿ.

ಖರ್ಚಿಲ್ಲದ ಒಂದು ಕೆಲಸ: ಸಿಪಿಯು ಪುಟದಲ್ಲಿ ‘ಸ್ಪೀಡ್’ ನೋಡಿ. 8250ಯು ಮೂಲ ವೇಗ 1.6 ಗಿಗಾಹರ್ಟ್ಜ್, ಅಗತ್ಯ ಬಿದ್ದರೆ 3.4ರವರೆಗೆ ಏರಬಲ್ಲದು. ಓಡಿಸಿದ ಎರಡು ನಿಮಿಷಕ್ಕೆ 1.6ಕ್ಕಿಂತ ಕೆಳಗೆ ಜಾರಿದರೆ ಯಂತ್ರ ಬಿಸಿಗೆ ಹೆದರಿ ತಾನೇ ನಿಧಾನವಾಗುತ್ತಿದೆ. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಮಂಡ್ಯದ ಏಪ್ರಿಲ್ ಸೆಕೆ, ಐದಾರು ವರ್ಷದ ದೂಳು ಸೇರಿದರೆ ಕೇಳಬೇಕೇ? ಫ್ಯಾನ್ ಬಿಚ್ಚಿ ದೂಳು ತೆಗೆಸಿ ಥರ್ಮಲ್ ಪೇಸ್ಟ್ ಬದಲಿಸಿದರೆ ಹೋದ ವೇಗ ಎಷ್ಟೋ ವಾಪಸ್ ಬರುತ್ತದೆ. ಬ್ಯಾಟರಿಯಲ್ಲಿ ಎಡಿಟ್ ಮಾಡಬೇಡಿ.

ಇಷ್ಟಾದರೂ 8 ಜಿಬಿಯಲ್ಲಿ ರಿಸಾಲ್ವ್ ಒದ್ದಾಡಿದರೆ, ಮನೆ ವಿಡಿಯೊಗೆ ಶಾಟ್‌ಕಟ್ ಸಾಕು. ಉಚಿತ, ಹಗುರ. ‘ಸೆಟ್ಟಿಂಗ್ಸ್’ ಮೆನುವಿನಲ್ಲಿ ‘ಪ್ರಾಕ್ಸಿ’, ‘ಪ್ರಿವ್ಯೂ ಸ್ಕೇಲಿಂಗ್’ ಎರಡೂ ಇವೆ, ಏರಿಳಿಯುವ ಫ್ರೇಮಿನ ಕ್ಲಿಪ್ ತೆರೆದರೆ ‘ಬದಲಿಸಿಕೊಡಲೇ?’ ಎಂದು ಅದೇ ಕೇಳುತ್ತದೆ. ಬಣ್ಣ ತಿದ್ದುವುದರಲ್ಲಿ ರಿಸಾಲ್ವ್‌ನ ಹತ್ತಿರಕ್ಕೂ ಬರದು ಎನ್ನುವುದು ನಿಜ.

ಹೊಸ ಯಂತ್ರ ಬೇಕಾಗುವುದು ನೀವು ಇದನ್ನೇ ಕಸುಬು ಮಾಡಿಕೊಂಡಾಗ, ಮೂರು ನಾಲ್ಕು 4ಕೆ ಕ್ಯಾಮೆರಾ ಒಟ್ಟಿಗೆ ಓಡಿಸಬೇಕಾದಾಗ.

ಟಿವಿಯ ಪೆನ್‌ಡ್ರೈವ್ ವಿಷಯದಲ್ಲಿ ಎಡವುವ ಜಾಗ ಒಂದಿದೆ. ಎಚ್.264, ಎಂಪಿ4, 1080ಪಿ 30ರಲ್ಲೇ ರೆಂಡರ್ ಮಾಡಿ, ಹಳೆಯ ಟಿವಿಗಳಿಗೂ ಅದು ಓದಲು ಬರುತ್ತದೆ. ಆದರೆ ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. 40 ನಿಮಿಷದ ವಿಡಿಯೊವನ್ನು ಸೆಕೆಂಡಿಗೆ 16 ಮೆಗಾಬಿಟ್‌ನಲ್ಲಿ ತೆಗೆದರೆ 4.8 ಜಿಬಿ, ನಕಲು ಮಾಡುವಾಗ ‘ಫೈಲ್ ತುಂಬಾ ದೊಡ್ಡದು’ ಎಂದು ನಿಲ್ಲುತ್ತದೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು, ಕೆಲವು ಟಿವಿಗಳಿಗೆ ಅದು ಅರ್ಥವಾಗದು. ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಮಾಹಿತಿ) 12 ಮೆಗಾಬಿಟ್ ಇಟ್ಟರೆ ಧ್ವನಿ ಸೇರಿ 3.7 ಜಿಬಿಯ ಒಳಗೇ ಕೂರುತ್ತದೆ, ಟಿವಿಯ ಮುಂದೆ ಕೂತವರಿಗೆ ವ್ಯತ್ಯಾಸ ಕಾಣದು.